ಮಣ್ಣಿನ ಪ್ರತಿಮೆ, ಮರಣ ಮತ್ತು ವಸ್ತುಸಂಗ್ರಹಾಲಯ: ಹಂಪಿ ಪರಿಸರವನ್ನು ಕುರಿತು

ಸತ್ತವರ ಸೇವೆಗೆಂದು ಆಳುಕಾಳು, ಕುದುರೆ, ಮನೆಮಾರುಗಳನ್ನು ಮಣ್ಣಿನಲ್ಲಿ ರೂಪಿಸಿ ಸಮಾಧಿಯೊಳಗೆ ಇರಿಸುವ ಪದ್ಧತಿ ಪ್ರಾಚೀನ ಚೀನಾದಲ್ಲಿ ಬಹುಕಾಲ ರೂಢಿಯಲ್ಲಿತ್ತು. ಕ್ರಿ.ಪೂ. 210ರಲ್ಲಿ ತೀರಿಕೊಂಡ ಚಕ್ರವರ್ತಿ ಚಿನ್ ಷಿ ಹುವಾಂಗನ ಸಮಾಧಿಯ ಸಮೀಪ 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಮಣ್ಣಿನ ಯೋಧರ ತುಣುಕುಗಳು ದೊರೆತವು. ಆ ಪಡೆಯಲ್ಲಿ ಸುಮಾರು 8,000 ಪ್ರತಿಮೆಗಳಿರಬಹುದೆಂದು ವಿದ್ವಾಂಸರು ಅಂದಾಜಿಸಿದ್ದಾರೆ. ಹಾನ್ ಕಾಲದ ಸಮಾಧಿಗಳಲ್ಲಿ ಕಣಜ, ಬಾವಿ, ಹಂದಿಗೂಡುಗಳ ಚಿಕ್ಕ ಮಾದರಿಗಳೂ ತಾಂಗ್ ಕಾಲದವುಗಳಲ್ಲಿ ಬಣ್ಣದ ಮೆರುಗಿನ ಒಂಟೆ, ಕುದುರೆಗಳೂ ಸಿಕ್ಕಿವೆ. ಬದುಕಿರುವವರ ನೋಟಕ್ಕಾಗಿ ಅಲ್ಲದೆ ಮೃತರಿಗಾಗಿಯೇ ಸಿದ್ಧವಾದ ಇಂತಹ ವಸ್ತುಗಳು ಇಂದು ಲೋಕದ ನಾನಾ ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ನಿಂತಿವೆ. 2011ರಲ್ಲಿ ಪ್ರಾಚೀನ ಚೀನಾದ ಪುರಾವಸ್ತುಗಳ ಪ್ರದರ್ಶನವು ನವದೆಹಲಿ, ಮುಂಬಯಿ, ಹೈದರಾಬಾದು ಹಾಗೂ ಕೋಲ್ಕತ್ತಗಳಲ್ಲಿ ಏರ್ಪಟ್ಟಾಗ ಭಾರತೀಯ ಪ್ರೇಕ್ಷಕರಿಗೂ ಆ ಕಲೆಯ ಪರಿಚಯವಾಯಿತು.

ಈ ಹಿನ್ನೆಲೆಯಲ್ಲಿ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪರಿಸರದಲ್ಲಿ ಮಣ್ಣಿಗೂ ಮರಣಕ್ಕೂ ಇರುವ ಸಂಬಂಧ ಎಂತಹುದು, ಅದನ್ನು ನಮ್ಮ ವಸ್ತುಸಂಗ್ರಹಾಲಯಗಳು ಎಷ್ಟರಮಟ್ಟಿಗೆ ಹಿಡಿದಿಡಬಲ್ಲವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಚೀನಾದ ಮಣ್ಣು ಹಂಪಿಗೆ ಹೊಸದೇನೂ ಅಲ್ಲ. ಒಂದನೆಯ ಬುಕ್ಕರಾಯನು 1374ರಲ್ಲಿ ಮಿಂಗ್ ಆಸ್ಥಾನಕ್ಕೆ ರಾಯಭಾರವನ್ನು ಕಳುಹಿಸಿದ ಸಂಗತಿ ಇತಿಹಾಸಪ್ರಸಿದ್ಧ. ವಿಜಯನಗರದ ಉತ್ಖನನಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ದೊರೆತಿವೆ. ಆದರೆ ಇಲ್ಲಿಗೆ ಬಂದ ಪಿಂಗಾಣಿ ಸಮಾಧಿಯ ಸಾಮಗ್ರಿಯಲ್ಲ, ಸಿರಿವಂತರು ಬಳಸಿದ ಪಾತ್ರೆ. ಶವವನ್ನು ದಹಿಸುವ ರೂಢಿಯುಳ್ಳ ಅರಸುಮನೆತನಗಳಲ್ಲಿ ಗೋರಿಯೊಳಗಿನ ಪರಿವಾರಕ್ಕೆ ಅವಕಾಶವಿರಲಿಲ್ಲ. ಮೃತರ ನೆನಪು ನೆಲದ ಮೇಲೆ, ವೀರಗಲ್ಲು ಮತ್ತು ಮಾಸ್ತಿಗಲ್ಲುಗಳಲ್ಲಿ ನಿಂತಿತು. ಇಲ್ಲೊಂದು ಕಠಿಣವಾದ ವ್ಯತ್ಯಾಸವನ್ನು ಗುರುತಿಸಬೇಕು. ಚೀನಾದ ಷಾಂಗ್ ಕಾಲದಲ್ಲಿ ಅರಸನೊಡನೆ ಜೀವಂತ ಮನುಷ್ಯರನ್ನು ಬಲಿಕೊಡುತ್ತಿದ್ದರು. ಮುಂದೆ ಆ ಸ್ಥಾನವನ್ನು ಪ್ರತಿಮೆಗಳು ತುಂಬಿದವೆಂಬ ಅಭಿಪ್ರಾಯ ವಿದ್ವಾಂಸರಲ್ಲಿ ಪ್ರಚಲಿತವಾಗಿದೆ. ವಿಜಯನಗರದಲ್ಲಾದರೋ ಸಹಗಮನ ನಡೆಯುತ್ತಿದ್ದುದನ್ನು ಬಾರ್ಬೋಸ, ನೂನಿಜ್ ಮೊದಲಾದ ಪ್ರವಾಸಿಗರು ದಾಖಲಿಸಿದ್ದಾರೆ. ಅಲ್ಲಿ ಮಣ್ಣು ಜೀವಕ್ಕೆ ಬದಲಾಗಿ ನಿಂತಿತು. ಇಲ್ಲಿ ಜೀವ ಹೋದ ಮೇಲೆ ಕಲ್ಲು ಬಂದಿತು. ಕಮಲಾಪುರದ ಸಂಗ್ರಹಾಲಯದಲ್ಲಿ ಇಂತಹ ಸ್ಮಾರಕಶಿಲೆಗಳನ್ನು ನೋಡುವಾಗ ಶಿಲ್ಪದ ಅಂದವೊಂದನ್ನೇ ಕಂಡು ಮುಂದೆ ಸಾಗುವುದು ಸಲ್ಲದು.

ಇದಕ್ಕೂ ಹಿಂದಿನ ಕಾಲಘಟ್ಟದಲ್ಲಿ ಈ ಭಾಗದ ಜನರು ಮೃತರನ್ನು ಮಣ್ಣಿಗೇ ಒಪ್ಪಿಸಿದ್ದರು. ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಅವರು 1963-64ರಲ್ಲಿ ನಡೆಸಿದ ತೆಕ್ಕಲಕೋಟೆಯ ಉತ್ಖನನದಲ್ಲಿ ನವಶಿಲಾಯುಗದ ಶವಸಂಸ್ಕಾರದ ಕುರುಹುಗಳು ಬೆಳಕಿಗೆ ಬಂದವು. ಬ್ರಹ್ಮಗಿರಿಯಲ್ಲಿ ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂಳಿದುದು ತಿಳಿದುಬಂದಿದೆ. ಚೀನಾದಲ್ಲಿ ಮಣ್ಣು ಮೃತನ ಪರಿವಾರವಾದರೆ ಇಲ್ಲಿ ಅದು ಮೃತಶಿಶುವಿನ ಒಡಲೇ ಆಯಿತು.

ಪುರಾತನ ಕುರುಹುಗಳಿಗೆ ಜನಪದರು ಕೊಟ್ಟ ಅರ್ಥವೂ ಗಮನಾರ್ಹವಾದುದು. ತುಂಗಭದ್ರೆಯ ಆಚೆ, ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ಜನರು ಸಮಾಧಿಗಳೆನ್ನದೆ ‘ಮೋರ್ಯರ ಮನೆ’ಗಳೆಂದು ಕರೆಯುತ್ತಾರೆ; ಅಲ್ಲಿ ಗಿಡ್ಡ ಜನರು ವಾಸವಾಗಿದ್ದರೆಂಬುದು ನಂಬಿಕೆ. ಹಂಪಿಯ ಸಮೀಪದ ನಿಂಬಾಪುರದಲ್ಲಿರುವ ಬೂದಿದಿಬ್ಬವು ವಾಲಿಯ ಚಿತಾಭಸ್ಮವೆಂಬ ಪ್ರತೀತಿಯಿದೆ. ಕುಡತಿನಿ ಮೊದಲಾದೆಡೆಗಳ ಇಂತಹ ದಿಬ್ಬಗಳು ನವಶಿಲಾಯುಗದ ಪಶುಪಾಲಕರು ಸುಟ್ಟ ಸಗಣಿಯ ರಾಶಿಗಳೆಂಬುದನ್ನು ಎಫ್.ಆರ್. ಆಲ್ಚಿನ್ ಅವರ 1963ರ ಗ್ರಂಥವು ವಿಶದಪಡಿಸಿತು. ಹೀಗೆ ಜನಪದವು ಸಮಾಧಿಯನ್ನು ಮನೆಯೆಂದೂ ದನದ ದೊಡ್ಡಿಯ ಬೂದಿಯನ್ನು ಚಿತೆಯೆಂದೂ ಓದಿಕೊಂಡಿದೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಒಡೆಯರಿಲ್ಲದ ಸ್ಮಾರಕಕ್ಕೆ ಒಡೆಯರನ್ನು ಒದಗಿಸಿಕೊಡುವ ಸ್ಮೃತಿಕ್ರಿಯೆ ಇದಾಗಿದೆ.

ಮಣ್ಣು ಮತ್ತು ಮರಣದ ಸಂಬಂಧವು ಇಂದಿಗೂ ಜೀವಂತವಾಗಿರುವುದು ಜೋಕುಮಾರನ ಆಚರಣೆಯಲ್ಲಿ. ಭಾದ್ರಪದದಲ್ಲಿ ಕುಂಬಾರನ ಕೈಯಲ್ಲಿ ಹುಟ್ಟುವ ಈ ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪು ಹಾಸಿದ ಬುಟ್ಟಿಯಲ್ಲಿರಿಸಿ, ಬಾಯಿಗೆ ಬೆಣ್ಣೆ ಸವರಿ, ಹೆಣ್ಣುಮಕ್ಕಳು ಹಾಡುತ್ತ ಮನೆಮನೆಗೆ ಹೊತ್ತು ತಿರುಗುತ್ತಾರೆ. ಏಳು ದಿನಗಳ ಬಾಳು ಮುಗಿದು ಹುಣ್ಣಿಮೆ ಬಂದಾಗ ಅವನಿಗೆ ಸಾವು. ಅವನಿಗಾಗಿ ಅಳುವುದೂ ಆಚರಣೆಯ ಒಂದು ಅಂಗವೇ. ಅವನ ಸಾವು ಮಳೆಬೆಳೆಗಳ ಸಮೃದ್ಧಿಯೊಡನೆ ಬೆಸೆದುಕೊಂಡಿದೆ. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳೂ ಆಷಾಢದ ಗುಳ್ಳವ್ವನೂ ಇದೇ ಬಗೆಯಲ್ಲಿ ಪೂಜೆಗೊಂಡು ಮರಳಿ ಮಣ್ಣು ಸೇರುತ್ತವೆ. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಗೂಳಿಯ ಮಣ್ಣಿನ ಬೊಂಬೆಗಳು ದೊರೆತಿವೆಯಾದರೂ ಅವುಗಳಿಗೂ ಇಂದಿನ ಮಣ್ಣೆತ್ತುಗಳಿಗೂ ಅವಿಚ್ಛಿನ್ನ ಪರಂಪರೆಯನ್ನು ಕಲ್ಪಿಸುವುದು ಅವಸರದ ತೀರ್ಮಾನವಾದೀತು. ನಡುವಿನ ಸಾವಿರಾರು ವರ್ಷಗಳಿಗೆ ಆಧಾರ ಬೇಕು. ಸಾಮ್ಯವು ಸಂಬಂಧವಲ್ಲ ಎಂಬ ಎಚ್ಚರ ಚೀನಾದ ಹೋಲಿಕೆಗೂ ಅನ್ವಯಿಸುತ್ತದೆ.

ಆದುದರಿಂದ ನಮ್ಮ ಮುಂದಿರುವ ಪ್ರಶ್ನೆ ಮೂಲದ್ದಲ್ಲ, ಸಂಗ್ರಹಣೆಯದು. ಚೀನಾದ ಸಮಾಧಿಪ್ರತಿಮೆ ಉಳಿಯಲೆಂದು ಮಾಡಿದ್ದು. ಜೋಕುಮಾರನು ಅಳಿಯಲೆಂದು ಮಾಡಿದವನು. ಅಳಿಯದ ಜೋಕುಮಾರನನ್ನು ಕಪಾಟಿನಲ್ಲಿ ನಿಲ್ಲಿಸಿದರೆ ಆಕಾರ ಉಳಿದೀತು, ಆಚರಣೆಯ ತಿರುಳು ಉಳಿಯದು. ಇದರ ಜೊತೆಗೆ ಸ್ಥಳದ ಪ್ರಶ್ನೆಯೂ ಇದೆ. ಬಳ್ಳಾರಿ ಸೀಮೆಯ ನೆಲೆಗಳನ್ನು ಶೋಧಿಸಿದ ರಾಬರ್ಟ್ ಬ್ರೂಸ್ ಫೂಟರ ಸಂಗ್ರಹವು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿತು. ಅವರ ಹೆಸರಿನ ಸಂಗ್ರಹಾಲಯವು ಬಳ್ಳಾರಿಯಲ್ಲಿ ಸ್ಥಾಪನೆಯಾದುದು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ.

ಚೀನಾದ ಪ್ರತಿಮೆಗಳ ಹಿಂದಿನ ನಂಬಿಕೆಯನ್ನು ತಿಳಿಯಲು ಗ್ರಂಥಗಳನ್ನೂ ಗೋರಿಗಳನ್ನೂ ಅವಲಂಬಿಸಬೇಕು, ಮಾಡಿದವರನ್ನು ಕೇಳುವಂತಿಲ್ಲ. ನಮ್ಮಲ್ಲಿ ಮಾಡುವವರೂ ಹೊರುವವರೂ ಹಾಡುವವರೂ ಇನ್ನೂ ಇದ್ದಾರೆ. ಮೂರ್ತಿಯೊಂದಿಗೆ ಮಣ್ಣು ತಂದ ಕೆರೆ, ಕುಂಬಾರನ ಕೈಚಳಕ, ಹಾಡಿನ ಧಾಟಿ, ವಿಸರ್ಜನೆಯ ವಿಧಿ ಇವೆಲ್ಲವನ್ನೂ ಊರೂರಿನ ಪಾಠಭೇದಗಳ ಸಹಿತ ದಾಖಲಿಸಿ, ಪ್ರತಿವರ್ಷ ಹೊಸ ಮೂರ್ತಿಯನ್ನು ಮಾಡಿಸಿ, ಅವಧಿ ಮುಗಿದೊಡನೆ ಅದನ್ನು ಮಣ್ಣಿಗೆ ಮರಳಿಸುವ ಪ್ರದರ್ಶನಕ್ರಮವೊಂದನ್ನು ನಮ್ಮ ಜಾನಪದ ವಸ್ತುಸಂಗ್ರಹಾಲಯಗಳು ರೂಪಿಸಿಕೊಳ್ಳಬೇಕಾಗಿದೆ. ಉಳಿದ ವರ್ಷವೆಲ್ಲ ಆ ಕಪಾಟು ಬರಿದಾಗಿದ್ದರೂ ಲೋಪವಿಲ್ಲ. ಬರಿದಾಗಿರುವುದೇ ಆ ಆಚರಣೆಯ ನಿಜವಾದ ನಿರೂಪಣೆ.