ಹುಲ್ಲು ಮೇಯುವ ಜಾನುವಾರುಗಳಲ್ಲಿ ಮೇವಿನ ದಕ್ಷತೆ: ಮಲೆನಾಡು ಗಿಡ್ಡ ತಳಿಯ ಆಯ್ಕೆ

ಪೀಠಿಕೆ

ಚಿಕ್ಕಮಗಳೂರು ತಾಲ್ಲೂಕಿನ ಮಲ್ಲಂದೂರು ಹಾಗೂ ಮೂಡಿಗೆರೆ, ಕಳಸ ಭಾಗದ ಕಾಫಿ ಸೀಮೆಯಲ್ಲಿ ತಲೆಮಾರುಗಳಿಂದ ಸಾಕಲ್ಪಡುತ್ತಿರುವ ಊರದನವೇ ಮಲೆನಾಡು ಗಿಡ್ಡ. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ 2012ರಲ್ಲಿ ಇದನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ಹಿಂಡಿ, ಬೂಸಾಗಳ ಹಂಗಿಲ್ಲದೆ ಗೋಮಾಳ, ಬ್ಯಾಣ ಹಾಗೂ ಕಾಡಂಚಿನಲ್ಲಿ ಮೇಯ್ದು ಬರುವ ಈ ದನಗಳಿಂದ ರೈತರಿಗೆ ಮನೆಬಳಕೆಯ ಹಾಲು ಮತ್ತು ತೋಟಕ್ಕೆ ಕೊಟ್ಟಿಗೆ ಗೊಬ್ಬರ ದೊರೆಯುತ್ತವೆ.

ಮೇವಿನ ದಕ್ಷತೆ ಎಂದರೇನು?

ತಿಂದ ಮೇವನ್ನು ಹಾಲು, ಕರು ಹಾಗೂ ಬೆಳವಣಿಗೆಯಾಗಿ ಪರಿವರ್ತಿಸುವ ಸಾಮರ್ಥ್ಯವನ್ನು ಮೇವಿನ ದಕ್ಷತೆ ಎನ್ನಲಾಗುತ್ತದೆ. ಮಾಂಸಕ್ಕಾಗಿ ದನ ಸಾಕುವ ದೇಶಗಳಲ್ಲಿ ಇದರ ಅಳತೆಗೆ ವಿಶೇಷ ಮಹತ್ವವಿದೆ. ದೇಹತೂಕ ಮತ್ತು ಬೆಳವಣಿಗೆಗೆ ಅನುಗುಣವಾಗಿ ಪ್ರಾಣಿಯು ತಿನ್ನಬೇಕಾದ ಮೇವನ್ನು ಲೆಕ್ಕ ಹಾಕಿ, ವಾಸ್ತವವಾಗಿ ತಿಂದ ಮೇವಿನೊಂದಿಗೆ ಹೋಲಿಸುವ ವಿಧಾನವನ್ನು ಅಮೆರಿಕದ ಕೋಚ್ ಮತ್ತು ಸಹೋದ್ಯೋಗಿಗಳು 1963ರಲ್ಲಿ ಪ್ರತಿಪಾದಿಸಿದರು. ನಿರೀಕ್ಷೆಗಿಂತ ಕಡಿಮೆ ತಿಂದು ಅಷ್ಟೇ ಬೆಳೆಯುವ ಪ್ರಾಣಿಯು ದಕ್ಷವೆನಿಸುತ್ತದೆ. ಈ ಗುಣವು ಸಾಧಾರಣ ಮಟ್ಟದಲ್ಲಿ ಸಂತತಿಗೂ ಹರಿದುಬರುತ್ತದೆ.

ಗಾತ್ರ ಮತ್ತು ದಕ್ಷತೆ

ಸಣ್ಣ ದನವೆಲ್ಲವೂ ದಕ್ಷ ದನವೆಂಬುದು ತಪ್ಪು ಕಲ್ಪನೆ. ದೇಹಪೋಷಣೆಯ ಅಗತ್ಯವು ತೂಕದಷ್ಟೇ ವೇಗವಾಗಿ ಏರುವುದಿಲ್ಲ. 400 ಕಿ.ಗ್ರಾಂ. ತೂಕದ ಹಸುವಿಗೆ 100 ಕಿ.ಗ್ರಾಂ. ತೂಕದ ಹಸುವಿನ ನಾಲ್ಕು ಪಟ್ಟು ಅಲ್ಲ, ಸುಮಾರು 2.8 ಪಟ್ಟು ಪೋಷಣೆ ಸಾಕು. ಆದರೆ ಮಲೆನಾಡಿನಲ್ಲಿ ಆ ಮೊತ್ತವನ್ನು ಮೇಯ್ದು ಸಂಪಾದಿಸುವುದೇ ಕಷ್ಟ. 100 ಕಿ.ಗ್ರಾಂ. ಹಸುವಿಗೆ ದಿನಕ್ಕೆ ಸುಮಾರು 2.5 ಕಿ.ಗ್ರಾಂ. ಒಣಪದಾರ್ಥ ಬೇಕು. ಮಳೆಗಾಲದ ಎಳೆಹುಲ್ಲಿನಲ್ಲಿ ಶೇ. 80ರಷ್ಟು ನೀರಿದ್ದರೆ, ಇದಕ್ಕೆ 12.5 ಕಿ.ಗ್ರಾಂ. ಹಸಿಹುಲ್ಲು ಬೇಕಾಗುತ್ತದೆ. ಬೇಸಿಗೆಯ ಒಣಹುಲ್ಲಿನಲ್ಲಿ ನೀರು ಕಡಿಮೆಯಾದರೂ ಸಸಾರಜನಕವೂ ಕಡಿಮೆ. ಅದು ಶೇ. 7ಕ್ಕಿಂತ ಕೆಳಗಿಳಿದರೆ ಹೊಟ್ಟೆಯ ಸೂಕ್ಷ್ಮಾಣುಗಳ ಕೆಲಸ ಕುಂಠಿತಗೊಂಡು ದನವು ತಿನ್ನುವುದೂ ಕಡಿಮೆಯಾಗುತ್ತದೆ. ಇಂತಹ ಕಾಲವನ್ನು ಕೊಂಡ ಮೇವಿಲ್ಲದೆ ದಾಟುವುದೇ ಇಲ್ಲಿನ ನಿಜವಾದ ಪರೀಕ್ಷೆ.

ರೈತರು ಅನುಸರಿಸಬಹುದಾದ ಆಯ್ಕೆ ಕ್ರಮ

ಬಯಲಿನಲ್ಲಿ ಮೇಯುವ ದನ ಎಷ್ಟು ತಿಂದಿತೆಂದು ತೂಗಲಾಗದು. ಆದುದರಿಂದ ಒಂದೇ ಮೇವುತಾಣದಲ್ಲಿ ಮೇಯುವ ಹಸುಗಳನ್ನು ಪರಸ್ಪರ ಹೋಲಿಸುವುದು ಸೂಕ್ತ.

1. ಗರ್ಭಧಾರಣೆ: ಪ್ರತಿ ಹಸು ಕರು ಹಾಕಿದ ದಿನಾಂಕವನ್ನು ಬರೆದಿಡುವುದು. ಹುಲ್ಲಿನ ಮೇಲೆಯೇ ತಪ್ಪದೆ ಗಬ್ಬವಾಗುವ ಹಸುವಿಗೆ ಮೊದಲ ಆದ್ಯತೆ.

2. ಬೇಸಿಗೆಯ ಮೈಕಟ್ಟು: ಮೇ ತಿಂಗಳಲ್ಲಿ ಪಕ್ಕೆಲುಬು, ಸೊಂಟದ ಮೂಳೆಗಳ ಮೇಲಿನ ಮಾಂಸವನ್ನು ನೋಡಿ 1ರಿಂದ 5ರವರೆಗೆ ಅಂಕ ನೀಡುವುದು. ಬರಡು ಹಸು ಮೈತುಂಬಿರುವುದು, ಕರುವಿಗೆ ಹಾಲೂಡಿಸುವ ಹಸು ಬಡಕಲಾಗಿರುವುದು ಸಹಜ. ಆದುದರಿಂದ ಒಂದೇ ಕಾಲದಲ್ಲಿ ಕರು ಹಾಕಿದ ಹಸುಗಳನ್ನು ಮಾತ್ರ ಹೋಲಿಸತಕ್ಕದ್ದು.

3. ಕರುವಿನ ಬೆಳವಣಿಗೆ: ಒಂದೇ ವಯಸ್ಸಿನ ಕರುಗಳ ಎದೆ ಸುತ್ತಳತೆಯನ್ನು ಅಳೆಯುವುದು. ತಾಯಿಯ ಹಾಲಿನ ಗುಣ ಇದರಿಂದ ತಿಳಿಯುತ್ತದೆ.

4. ತೂಕ: ಎದೆ ಸುತ್ತಳತೆಯ ವರ್ಗವನ್ನು ದೇಹದ ಉದ್ದದಿಂದ ಗುಣಿಸಿ (ಸೆಂ.ಮೀ.ಗಳಲ್ಲಿ) 10,840ರಿಂದ ಭಾಗಿಸಿದರೆ ಅಂದಾಜು ತೂಕ ಕಿ.ಗ್ರಾಂ.ಗಳಲ್ಲಿ ದೊರೆಯುತ್ತದೆ. ಉದಾಹರಣೆಗೆ, ಸುತ್ತಳತೆ 112, ಉದ್ದ 92 ಇದ್ದಲ್ಲಿ ತೂಕ ಸುಮಾರು 106 ಕಿ.ಗ್ರಾಂ.

ಹೋರಿಯ ಆಯ್ಕೆ

ಹಸುವೊಂದು ವರ್ಷಕ್ಕೆ ಹೆಚ್ಚೆಂದರೆ ಒಂದು ಕರುವಿನ ಮೂಲಕ ತನ್ನ ಗುಣವನ್ನು ದಾಟಿಸುತ್ತದೆ. ಹೋರಿಯಾದರೋ ಇಡೀ ಮಂದೆಯ ಕರುಗಳ ಅರ್ಧದಷ್ಟು ಗುಣಕ್ಕೆ ಕಾರಣವಾಗುತ್ತದೆ. ಚೆನ್ನಾಗಿ ಬೆಳೆದ ಗಂಡುಕರುವನ್ನು ಬೇಗ ಮಾರಿ ಅಥವಾ ಬೀಜ ಒಡೆಸಿ, ಉಳಿದ ಬಡಕಲು ಹೋರಿಯಿಂದ ಮಂದೆ ಮುಂದುವರಿದರೆ ತಳಿಯು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತದೆ. ಆದುದರಿಂದ ಮೇಲಿನ ಪರೀಕ್ಷೆಗಳಲ್ಲಿ ಮುಂದಿರುವ ಹಸುವಿನ ಗಂಡುಕರುವನ್ನೇ ಬೀಜದ ಹೋರಿಯಾಗಿ ಉಳಿಸಿಕೊಂಡು, ಉಳಿದವುಗಳಿಗೆ ಸಕಾಲದಲ್ಲಿ ಬೀಜ ಒಡೆಸತಕ್ಕದ್ದು. ಹೋರಿಯು ತನ್ನ ಹೆಣ್ಣುಕರುಗಳನ್ನೇ ಕೂಡದಂತೆ ಮೂರು ವರ್ಷಕ್ಕೊಮ್ಮೆ ನೆರೆಯ ಗ್ರಾಮದ ಹೋರಿಯೊಡನೆ ಬದಲಿಸಿಕೊಳ್ಳುವುದು ಒಳಿತು.

ಮೇವುತಾಣದ ರಕ್ಷಣೆ

ಇದೇ ಜಿಲ್ಲೆಯ ಅಜ್ಜಂಪುರದಲ್ಲಿ ಸಂವರ್ಧನಾ ಕೇಂದ್ರವನ್ನು ಹೊಂದಿರುವ ಅಮೃತ್ ಮಹಲ್ ತಳಿಯ ಹಿರಿಮೆಗೆ ಆಯ್ಕೆಯಷ್ಟೇ ಕಾವಲುಗಳೂ ಕಾರಣ. ಋತುವಿಗೆ ತಕ್ಕಂತೆ ಮಂದೆಗಳನ್ನು ಕಾವಲಿನಿಂದ ಕಾವಲಿಗೆ ಸಾಗಿಸಲಾಗುತ್ತಿತ್ತು. ಲಾಂಟಾನ, ಕಮ್ಯುನಿಸ್ಟ್ ಗಿಡಗಳು ಆವರಿಸಿದ ಗೋಮಾಳದಲ್ಲಿ ಎಷ್ಟೇ ದಕ್ಷವಾದ ಹಸುವೂ ಉಳಿಯಲಾರದು. ಹೂ ಬಿಡುವ ಮುನ್ನ ಈ ಕಳೆಗಳನ್ನು ಬೇರುಸಹಿತ ಕಿತ್ತು, ಮೇವುತಾಣವನ್ನು ಭಾಗಗಳಾಗಿ ವಿಂಗಡಿಸಿ ಸರದಿಯಂತೆ ಮೇಯಿಸುವುದು ಅವಶ್ಯಕ.

ರೈತ ಬಾಂಧವರು ಮಂದೆಯ ದಾಖಲೆ ಪುಸ್ತಕವನ್ನು ಇಂದಿನಿಂದಲೇ ಆರಂಭಿಸುವುದು. ಹೆಚ್ಚಿನ ಮಾಹಿತಿಗೆ ಸಮೀಪದ ಪಶುವೈದ್ಯಕೀಯ ಸಂಸ್ಥೆಯನ್ನು ಸಂಪರ್ಕಿಸಬಹುದಾಗಿದೆ.