ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಬೆಳಕಿನ ಚಿಕಿತ್ಸೆ: ಪ್ರಖರತೆ ಮತ್ತು ಹೊತ್ತು

ಪಾರ್ಕಿನ್‌ಸನ್ ಎಂದರೆ ಕೈನಡುಕ ಎಂಬುದು ಸಾಮಾನ್ಯ ತಿಳಿವಳಿಕೆ. ರೋಗಿಯೊಂದಿಗೆ ಒಂದೇ ಸೂರಿನಡಿ ಇರುವವರು ಮಾತ್ರ ಇನ್ನೂ ಎರಡು ಕಷ್ಟಗಳನ್ನು ಕಂಡಿರುತ್ತಾರೆ: ರಾತ್ರಿ ಮತ್ತೆ ಮತ್ತೆ ಎಚ್ಚರ, ಹಗಲಲ್ಲಿ ಊಟದ ತಟ್ಟೆಯ ಮುಂದೆಯೇ ತೂಕಡಿಕೆ. ನಡುಕ, ಬಿಗಿತ, ನಿಧಾನಗತಿಗಳಿಗೆ ಲೆವೊಡೋಪಾ ಎಂಬ ಮದ್ದು ಇದೆ. ಡೋಪಮೈನ್ ವರ್ಗದ ಮದ್ದುಗಳಲ್ಲಿ ಕೆಲವು ತೂಕಡಿಕೆಯನ್ನು ಹೆಚ್ಚಿಸುವುದೂ ಉಂಟು. ಔಷಧರಹಿತವಾದ ಬೆಳಕಿನ ಚಿಕಿತ್ಸೆಯನ್ನು ಮೊದಲು ನಿದ್ರೆ–ಎಚ್ಚರಗಳ ಚಿಕಿತ್ಸೆಯೆಂದೇ ಅಳೆಯಬೇಕು ಎಂಬುದು ಈ ಲೇಖನದ ವಾದ.

ಕಣ್ಣಿಗೆ ನೋಡುವುದಲ್ಲದೆ ಇನ್ನೊಂದು ಕೆಲಸವಿದೆ. ಅಕ್ಷಿಪಟಲದ ಕೆಲವು ನರಕೋಶಗಳಲ್ಲಿರುವ ಮೆಲನಾಪ್ಸಿನ್ ಸುಮಾರು 480 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ. ಈ ಕೋಶಗಳು ಹೈಪೊಥಲಾಮಸ್‌ನಲ್ಲಿರುವ ಜೈವಿಕ ಗಡಿಯಾರಕ್ಕೆ ಹಗಲಿನ ಸುದ್ದಿ ಮುಟ್ಟಿಸುತ್ತವೆ. ನಿದ್ರೆಗೆ ಸಂಬಂಧಿಸಿದ ಹಾರ್ಮೋನಾದ ಮೆಲಟೋನಿನ್‌ನ ಸ್ರಾವದ ಏರಿಳಿತ ಆ ಗಡಿಯಾರವನ್ನೇ ಅನುಸರಿಸುತ್ತದೆ. ಅಲೆಕ್ಸಾಂಡರ್ ವಿಡೆನೊವಿಚ್ ಮತ್ತು ಸಂಗಡಿಗರು 2014ರಲ್ಲಿ 20 ರೋಗಿಗಳನ್ನು 15 ಮಂದಿ ಆರೋಗ್ಯವಂತರೊಂದಿಗೆ ಹೋಲಿಸಿದಾಗ ರೋಗಿಗಳಲ್ಲಿ ಈ ಏರಿಳಿತ ತಗ್ಗಿತ್ತು. ತೂಕಡಿಕೆ ಹೆಚ್ಚಿದ್ದವರಲ್ಲಿ ಇನ್ನಷ್ಟು ತಗ್ಗಿತ್ತು. ಅಕ್ಷಿಪಟಲದಲ್ಲೂ ಡೋಪಮೈನ್ ಕೋಶಗಳಿವೆ, ಕಾಯಿಲೆ ಅವನ್ನೂ ಬಿಡುವುದಿಲ್ಲ.

ಇದೇ ತಂಡದ 2017ರ ಪ್ರಯೋಗವನ್ನು ನಿಧಾನವಾಗಿ ಓದಬೇಕು. ಹಗಲು ತೂಕಡಿಸುವ 31 ರೋಗಿಗಳು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ದೀಪದ ಪೆಟ್ಟಿಗೆಯ ಮುಂದೆ ಕೂತರು. ಹೀಗೆ 14 ದಿನ. ಒಂದು ಗುಂಪಿಗೆ 10,000 ಲಕ್ಸ್ ಪ್ರಖರ ಬೆಳಕು, ಇನ್ನೊಂದಕ್ಕೆ 300 ಲಕ್ಸ್‌ಗೂ ಕಡಿಮೆಯ ಮಂದ ಕೆಂಪು ಬೆಳಕು. 24ರ ಗರಿಷ್ಠವುಳ್ಳ ಎಪ್‌ವರ್ತ್ ಮಾಪಕದಲ್ಲಿ ಪ್ರಖರ ಬೆಳಕಿನವರ ತೂಕಡಿಕೆಯ ಸರಾಸರಿ ಅಂಕ 15.81ರಿಂದ 11.19ಕ್ಕೆ ಇಳಿಯಿತು. ಕೆಂಪು ಬೆಳಕಿನವರಲ್ಲಿ ಅಷ್ಟು ಇಳಿಯಲಿಲ್ಲ. ಆದರೆ ನಿದ್ರೆಯ ಗುಣಮಟ್ಟ ಎರಡೂ ಗುಂಪುಗಳಲ್ಲಿ ಸುಧಾರಿಸಿತು. ನನಗೆ ಮುಖ್ಯವಾಗಿ ತೋರುವುದು ಈ ಕೊನೆಯ ಸಂಗತಿ. ಮೆಲನಾಪ್ಸಿನ್ನನ್ನು ಅಷ್ಟಾಗಿ ತಟ್ಟದ ಬೆಳಕಿನ ಮುಂದೆ ಕೂತವರಿಗೂ ಹಿತವಾಯಿತೆಂದರೆ, ದಿನವೂ ಅದೇ ಹೊತ್ತಿಗೆ ಎದ್ದು ಕೂರುವ ಕಟ್ಟುಪಾಡಿಗೇ ಒಂದಿಷ್ಟು ಬಲವಿರಬೇಕು.

ನೆದರ್‌ಲೆಂಡ್ಸ್‌ನಲ್ಲಿ ರುಟೆನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ, ಬೆಳಕನ್ನು ಮೊದಲು ನಿದ್ರೆಯ ಚಿಕಿತ್ಸೆಯೆಂದೇ ಅಳೆಯಬೇಕೆಂಬ ವಾದಕ್ಕೆ ಪುಷ್ಟಿ ಕೊಡುತ್ತದೆ. ಖಿನ್ನತೆಯಿದ್ದ 83 ರೋಗಿಗಳಲ್ಲಿ ಮೂರು ತಿಂಗಳ ಬಳಿಕವೂ 10,000 ಲಕ್ಸ್ ಬೆಳಕು 200 ಲಕ್ಸ್ ಬೆಳಕಿಗಿಂತ ಖಿನ್ನತೆಯನ್ನು ಹೆಚ್ಚು ಇಳಿಸಲಿಲ್ಲ. ರೋಗಿಗಳೇ ಹೇಳಿದ ನಿದ್ರೆಯ ಗುಣಮಟ್ಟ ಮಾತ್ರ ಪ್ರಖರ ಬೆಳಕಿನವರಲ್ಲಿ ಹೆಚ್ಚು ಸುಧಾರಿಸಿತ್ತು. 2007ರಲ್ಲಿ ಪೌಸ್ ತಂಡ 36 ಮಂದಿಯಲ್ಲಿ ನಡುಕಕ್ಕೂ ಫಲ ಕಂಡಿತ್ತು. ಎರಡು ವಾರದ ಆ ಚಿಕ್ಕ ಪ್ರಯೋಗದ ಮೇಲೆ ಚಲನೆಯ ಸುಧಾರಣೆಯ ಭರವಸೆ ಕಟ್ಟುವುದು ರೋಗಿಗಳಿಗೆ ಮಾಡುವ ಅನ್ಯಾಯ.

ತಲೆಬುರುಡೆಯ ಮೇಲೆ ಕೆಂಪು ಅಥವಾ ಅವಕೆಂಪು ಬೆಳಕು ಬಿಟ್ಟು ಮೈಟೊಕಾಂಡ್ರಿಯಗಳಿಗೆ ಚೈತನ್ಯ ಕೊಡುವ ವಿಧಾನವೂ ‘ಬೆಳಕಿನ ಚಿಕಿತ್ಸೆ’ ಎಂಬ ಹೆಸರಿನಲ್ಲೇ ಓಡಾಡುತ್ತಿದೆ. ಅದರ ತರ್ಕ ಪೂರಾ ಬೇರೆ. ಡೋಪಮೈನ್ ಕೋಶಗಳು ನಶಿಸುವ ಜಾಗ ಮಿದುಳಿನ ತಳದಲ್ಲಿದ್ದು, ಹೊರಗಿನ ಬೆಳಕು ಅಷ್ಟು ಆಳಕ್ಕೆ ಇಳಿಯುವುದು ಕಷ್ಟ. ಗ್ರೆನೋಬಲ್‌ನ ಸಂಶೋಧಕರು ಕೋತಿಗಳಲ್ಲಿ ಬೆಳಕಿನ ತಂತುವನ್ನು ಮಿದುಳಿನೊಳಗೇ ಇಟ್ಟು ನೋಡಿದ್ದು ಇದೇ ಕಾರಣಕ್ಕೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬಾರದು.

ದೀಪದ ಪೆಟ್ಟಿಗೆ ಬಳಸುವವರು ಬೆಳಕನ್ನೇ ದಿಟ್ಟಿಸಬೇಕಿಲ್ಲ. ಎದುರಿಗಿಟ್ಟುಕೊಂಡು ಪೇಪರ್ ಓದಿದರೂ ಸಾಕು. ಅಕ್ಷಿಪಟಲದ ತೊಂದರೆ ಇರುವವರು, ಉನ್ಮಾದದ ಹಿನ್ನೆಲೆ ಇರುವವರು ವೈದ್ಯರನ್ನು ಕೇಳದೆ ತೊಡಗಬಾರದು. ಲೆವೊಡೋಪಾ ನಿಲ್ಲಿಸುವ ಮಾತಂತೂ ಬೇಡ.

ನಮ್ಮಲ್ಲಿ ಮೋಡವಿಲ್ಲದ ದಿನ ಬಯಲಿನ ನೆರಳಿನಲ್ಲೂ ಹತ್ತು ಸಾವಿರ ಲಕ್ಸ್ ಆಸುಪಾಸಿನ ಬೆಳಕು ಸಿಗುತ್ತದೆ. ಮನೆಯ ನಡುಕೋಣೆಯಲ್ಲಿ ಕೆಲವು ನೂರು ಲಕ್ಸ್ ಅಷ್ಟೆ. ಬಿದ್ದಾರೆಂಬ ಭಯಕ್ಕೆ ಮನೆಯವರು ರೋಗಿಯನ್ನು ಒಳಗೇ ಕೂರಿಸಿದಾಗ ತಪ್ಪುವುದು ನಡಿಗೆಯ ಜೊತೆಗೆ ಈ ಬೆಳಕು ಕೂಡ. ಆದ್ದರಿಂದ ಕರ್ನಾಟಕದಲ್ಲಿ ಆಗಬೇಕಾದ ಪ್ರಯೋಗಕ್ಕೆ ಮೂರು ಗುಂಪು ಬೇಕು: ಪೆಟ್ಟಿಗೆಯ ಪ್ರಖರ ಬೆಳಕು, ಅದೇ ಹೊತ್ತಿನ ಮಂದ ಬೆಳಕು, ಅದೇ ಹೊತ್ತಿಗೆ ಅಂಗಳದಲ್ಲಿ ಕುರ್ಚಿ ಹಾಕಿ ಕೂರುವುದು. ಮೂರರಲ್ಲೂ ಏಳುವ ಮತ್ತು ಮದ್ದು ನುಂಗುವ ವೇಳೆಯನ್ನು ಬರೆದಿಡಬೇಕು, ಕಣ್ಣಿನ ಮಟ್ಟದಲ್ಲಿ ಬೀಳುವ ಲಕ್ಸನ್ನು ದಿನವೂ ಅಳೆಯಬೇಕು.