ಕಬ್ಬಿನ ದ್ಯುತಿಸಂಶ್ಲೇಷಣೆ: ಸಂಶೋಧನೆಯ ಚರಿತ್ರೆ

ಸೂರ್ಯರಶ್ಮಿಯ ಬಲದಿಂದ ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ಬಳಸಿ ಸಸ್ಯಗಳು ಶರ್ಕರವನ್ನು ನಿರ್ಮಿಸಿ, ಬೆಳಕಿನ ಶಕ್ತಿಯನ್ನು ರಾಸಾಯನಿಕ ಶಕ್ತಿಯಾಗಿ ಸಂಚಯಿಸುವ ಕ್ರಿಯೆಗೆ ದ್ಯುತಿಸಂಶ್ಲೇಷಣೆಯೆಂದು ಹೆಸರು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕಬ್ಬು, ಗೋವಿನಜೋಳ, ಜೋಳ, ಸಜ್ಜೆಗಳು ಈ ಕ್ರಿಯೆಯನ್ನು ನಡೆಸುವ ಬಗೆ, ಅದೇ ನೆಲದ ಗೋಧಿ, ಕಡಲೆ, ಶೇಂಗಾ, ಅರಿಸಿನಗಳ ಬಗೆಗಿಂತ ಭಿನ್ನವಾದುದು. ಈ ಭೇದದ ಶೋಧವನ್ನು ಪಠ್ಯಗ್ರಂಥಗಳು ಬಹುಮಟ್ಟಿಗೆ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ಇಬ್ಬರ ಹೆಸರಿನಲ್ಲಿಯೇ ದಾಖಲಿಸಿರುವುದರಿಂದ ಆ ಭಾಗವನ್ನು ಇಲ್ಲಿ ವಿಸ್ತರಿಸಲಾಗಿದೆ.

ಪೂರ್ವಚರಿತ್ರೆ: ಸಸ್ಯವು ಕೆಟ್ಟ ಗಾಳಿಯನ್ನು ಶುದ್ಧಿಗೊಳಿಸುವುದೆಂದು 1771ರಲ್ಲಿ ಪ್ರೀಸ್ಟ್ಲಿಯೂ, ಅದಕ್ಕೆ ಬೆಳಕೂ ಹಸಿರು ಭಾಗಗಳೂ ಅವಶ್ಯವೆಂದು 1779ರಲ್ಲಿ ಇಂಗೆನ್‌ಹೌಸನೂ, ನೀರೂ ಅದರಲ್ಲಿ ಪಾಲ್ಗೊಳ್ಳುವುದೆಂದು 1804ರಲ್ಲಿ ಸೊಸ್ಯೂರನೂ ತೋರಿಸಿದರು. 1940ರಲ್ಲಿ ರೂಬೆನ್ ಮತ್ತು ಕ್ಯಾಮೆನ್ ಇಂಗಾಲ-14ನ್ನು ಕಂಡುಹಿಡಿದ ಮೇಲೆ, ಬರ್ಕ್ಲಿಯಲ್ಲಿ ಕ್ಯಾಲ್ವಿನ್, ಬೆನ್ಸನ್, ಬ್ಯಾಷಮ್ ಮೊದಲಾದವರು ಆ ವಿಕಿರಣಶೀಲ ಇಂಗಾಲದ ಜಾಡು ಹಿಡಿದು, ಪಾಚಿಯಲ್ಲಿ ಮೊದಲು ಹುಟ್ಟುವ ಸ್ಥಿರವಸ್ತು ಮೂರು ಇಂಗಾಲದ ಪರಮಾಣುಗಳುಳ್ಳ ಫಾಸ್ಫೋಗ್ಲಿಸರಿಕ್ ಆಮ್ಲವೆಂದು ನಿರ್ಧರಿಸಿದರು. 1961ರ ನೊಬೆಲ್ ಪಾರಿತೋಷಕ ಕ್ಯಾಲ್ವಿನ್ ಒಬ್ಬರಿಗೇ ಸಂದಿತು.

ಕಬ್ಬಿನ ಸಾಕ್ಷ್ಯ: ಕಬ್ಬಿನ ಎಲೆ ಈ ನಿರ್ಣಯಕ್ಕೆ ಒಗ್ಗಲಿಲ್ಲ. ಹವಾಯಿ ದ್ವೀಪಗಳ ಕಬ್ಬು ಬೆಳೆಗಾರರ ಸಂಘದ ಪ್ರಯೋಗಶಾಲೆಯಲ್ಲಿ ಕಾನ್‌ಸ್ಟನ್ಸ್ ಹಾರ್ಟ್, ಹ್ಯೂಗೊ ಕಾರ್ಟ್‌ಶಾಕ್, ಜಾರ್ಜ್ ಬರ್ ಇವರು, ವಿಕಿರಣಶೀಲ ಇಂಗಾಲವು ಮೊದಲು ಸೇರುವುದು ನಾಲ್ಕು ಪರಮಾಣುಗಳ ಮ್ಯಾಲಿಕ್ ಮತ್ತು ಆಸ್ಪಾರ್ಟಿಕ್ ಆಮ್ಲಗಳಲ್ಲಿ ಎಂಬುದನ್ನು ಕಂಡರೂ, ಅವರ ಸಮಗ್ರ ಲೇಖನ ಪ್ರಕಟವಾದುದು 1965ರಲ್ಲಿ. ಅಷ್ಟರಲ್ಲಿ, 1960ರಲ್ಲಿಯೇ, ಸೋವಿಯತ್ ವಿಜ್ಞಾನಿ ಕಾರ್ಪಿಲೋವ್ ಗೋವಿನಜೋಳದಲ್ಲಿ ತತ್ಸಮಾನವಾದ ಫಲಿತಾಂಶವನ್ನು ರಷ್ಯನ್ ಭಾಷೆಯಲ್ಲಿ ಪ್ರಕಟಿಸಿದ್ದರು. ಅದು ಪಶ್ಚಿಮದಲ್ಲಿ ಬಹುಕಾಲ ಅಜ್ಞಾತವಾಗಿಯೇ ಉಳಿಯಿತು. ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಹವಾಯಿಯ ಶೋಧವನ್ನೇ ಆಧಾರವಾಗಿಟ್ಟುಕೊಂಡು 1966ರಿಂದ ಈ ‘ನಾಲ್ಕು-ಇಂಗಾಲ ಮಾರ್ಗ’ದ ಕಿಣ್ವಗಳನ್ನು ಒಂದೊಂದಾಗಿ ಗುರುತಿಸಿದರು. ಆದುದರಿಂದ ‘ಹ್ಯಾಚ್-ಸ್ಲ್ಯಾಕ್ ಮಾರ್ಗ’ವೆಂಬ ಹೆಸರು ವಿವರಣೆಯ ಶ್ರೇಯಸ್ಸಿಗೆ ನ್ಯಾಯವಾಗಿ ಸಲ್ಲುವುದಾದರೂ ಪ್ರಥಮ ದರ್ಶನದ ಶ್ರೇಯಸ್ಸು ಹವಾಯಿ ಮತ್ತು ರಷ್ಯಗಳಿಗೆ ಸೇರತಕ್ಕದ್ದು.

ಇಂಥ ಸಸ್ಯಗಳ ಎಲೆಯ ನಾಳಗಳ ಸುತ್ತ ಕೋಶಗಳು ಉಂಗುರಾಕಾರವಾಗಿ ನಿಂತಿರುವುದನ್ನು ಸಸ್ಯವಿಜ್ಞಾನಿ ಹಾಬರ್ಲಾಂಟ್ 1884ರ ತನ್ನ ಗ್ರಂಥದಲ್ಲಿಯೇ ವರ್ಣಿಸಿದ್ದನು. ಅದರ ಪ್ರಯೋಜನ ಈಗ ಸ್ಪಷ್ಟವಾಯಿತು: ಹೊರಗಿನ ಕೋಶಗಳು ಹಿಡಿದ ಇಂಗಾಲವು ಆಮ್ಲರೂಪದಲ್ಲಿ ಒಳಗಿನ ಉಂಗುರವನ್ನು ಸೇರಿ, ಅಲ್ಲಿ ಪುನಃ ಡೈಆಕ್ಸೈಡಾಗಿ ಬಿಡುಗಡೆಗೊಂಡು ಸಾಂದ್ರವಾಗುವುದರಿಂದ, ಡೈಆಕ್ಸೈಡನ್ನು ಹಿಡಿಯಬೇಕಾದ ರುಬಿಸ್ಕೋ ಎಂಬ ಕಿಣ್ವ ಪ್ರಮಾದವಶಾತ್ ಆಮ್ಲಜನಕವನ್ನು ಹಿಡಿದು ಮಾಡುವ ನಷ್ಟ ಬಹಳಮಟ್ಟಿಗೆ ತಪ್ಪುತ್ತದೆ.

ಬೋಸರ ಸ್ಥಾನ: ಕಲಕತ್ತೆಯ ಜಗದೀಶಚಂದ್ರ ಬೋಸರು ದ್ಯುತಿಸಂಶ್ಲೇಷಣೆಯನ್ನು ಕುರಿತ ತಮ್ಮ 1924ರ ಗ್ರಂಥದಲ್ಲಿ, ಹೈಡ್ರಿಲವೆಂಬ ಜಲಸಸ್ಯದ ಕ್ರಿಯೆ ಋತುಭೇದದಿಂದ ಬದಲಾಗುವುದನ್ನೂ ಅದಕ್ಕೆ ಮ್ಯಾಲಿಕ್ ಆಮ್ಲದ ಸಂಬಂಧವಿರುವುದನ್ನೂ ನಿರೂಪಿಸಿದ್ದಾರೆ. ಇದನ್ನು ನಾಲ್ಕು-ಇಂಗಾಲ ಮಾರ್ಗದ ಪೂರ್ವಸೂಚನೆಯೆಂದು ಇತ್ತೀಚೆಗೆ ಭಾರತೀಯ ಮೂಲದ ಸಂಶೋಧಕರು ಗುರುತಿಸಿರುವರು. ಇಂಗಾಲದ ಜಾಡು ಹಿಡಿಯುವ ಸಾಧನವೇ ಇಲ್ಲದಿದ್ದ ಕಾಲವಾದುದರಿಂದ ಬೋಸರು ಮಾರ್ಗವನ್ನು ಸ್ಥಾಪಿಸಿದರೆನ್ನಲಾಗದು. ಆದರೆ ಅವರನ್ನು ಬಿಟ್ಟು ಬರೆದ ಚರಿತ್ರೆ ಅಪೂರ್ಣವೇ ಸರಿ.

ಪ್ರಾದೇಶಿಕ ಮಹತ್ತ್ವ: ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ಮತ್ತು ಘಟಪ್ರಭಾ ಎಡದಂಡೆ ಕಾಲುವೆಗಳಿಂದ ಈ ಸೀಮೆಯಲ್ಲಿ ಕಬ್ಬು ಹಬ್ಬಿತು, ಸಂಕೇಶ್ವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಬ್ಬು ಸಂಶೋಧನೆಯ ಕೇಂದ್ರವೂ ಇವೆ. ನಾಲ್ಕು-ಇಂಗಾಲ ಮಾರ್ಗದ ಸಸ್ಯಗಳು ಸಮತೂಕದ ಒಣಪದಾರ್ಥವನ್ನು ಕಡಮೆ ನೀರಿನಲ್ಲಿ ನಿರ್ಮಿಸಬಲ್ಲುವು. ಆದರೂ ವರ್ಷವಿಡೀ ಹೊಲದಲ್ಲಿ ನಿಂತು ಅಪಾರವಾಗಿ ಬೆಳೆಯುವ ಕಬ್ಬಿಗೆ ಎಕರೆಯೊಂದಕ್ಕೆ ಬೇಕಾಗುವ ನೀರು ಅಧಿಕವೇ. ಎಲೆಯ ಮಿತವ್ಯಯವನ್ನು ಬೆಳೆಯ ಮಿತವ್ಯಯವೆಂದು ಭ್ರಮಿಸದೆ, ಇವೆರಡನ್ನೂ ಬೇರೆಬೇರೆಯಾಗಿ ಅಳೆಯುವುದು ಕಾಲುವೆಯ ಪ್ರದೇಶಕ್ಕೆ ಅತ್ಯವಶ್ಯ.